ಮೂರು ವರ್ಷ ಹ್ಯೂಗಿನ್ ಬಳಸಿದ ಮೇಲೆ: ಗೇಮಿಗೆ ದುರ್ಗದ ಮುಗಿಲು

ಚಿತ್ರದುರ್ಗದಲ್ಲಿ ಕೂತು ಚಿಕ್ಕ ಮೊಬೈಲ್ ಗೇಮ್ ಮಾಡುತ್ತೇನೆ. ಮೊದಲು ಆಕಾಶಕ್ಕೆ ರೆಡಿಮೇಡ್ ಚಿತ್ರ ಹಾಕುತ್ತಿದ್ದೆ. ಕೋಟೆ, ಬಂಡೆ ಎಲ್ಲಾ ನಮ್ಮವು, ಮೇಲಿನ ಮುಗಿಲು ಮಾತ್ರ ಯಾವುದೋ ಊರಿನದು. ಅದು ಬಹಳ ಚುಚ್ಚುತ್ತಿತ್ತು. ಕೊನೆಗೆ ಹ್ಯೂಗಿನ್ ಹಾಕಿಕೊಂಡೆ. ಬಿಡಿ ಫೋಟೋಗಳನ್ನು ಹೊಲಿದು ಪನೋರಮಾ ಮಾಡುವ ಉಚಿತ ತಂತ್ರಾಂಶ ಇದು. ಓಪನ್ ಸೋರ್ಸ್ ಕೂಡ.

ಎರಡು ಫೋಟೋದಲ್ಲೂ ಕಾಣುವ ಒಂದೇ ಗುರುತನ್ನು ಹುಡುಕಿ ಜೋಡಿಸುತ್ತದೆ. ಬೇಸಿಗೆಯ ಬರೀ ನೀಲಿ ಆಕಾಶದಲ್ಲಿ ಗುರುತು ಎಲ್ಲಿಂದ ಬರಬೇಕು? ಅದಕ್ಕೆ ಪ್ರತಿ ಫೋಟೋದ ಬುಡದಲ್ಲೂ ಸ್ವಲ್ಪ ಗುಡ್ಡ ಸೇರಿಸುತ್ತೇನೆ. ದುರ್ಗದಲ್ಲಿ ಬಂಡೆಗೇನು ಬರವಿಲ್ಲ. ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಎರಡನ್ನೂ ಲಾಕ್ ಮಾಡಲೇಬೇಕು. ಇಲ್ಲದಿದ್ದರೆ ಸೂರ್ಯನ ಕಡೆ ಒಂದು ಬಣ್ಣ, ಬೆನ್ನ ಕಡೆ ಇನ್ನೊಂದು ಬಣ್ಣ.

ನನ್ನನ್ನು ಜಾಸ್ತಿ ಕಾಡಿದ್ದು ಆಷಾಢದ ಗಾಳಿ. ಜೋಗಿಮಟ್ಟಿ ಗುಡ್ಡದ ಕಡೆ ನಿಂತು ಒಂದು ಸುತ್ತು ತೆಗೆಯುವಷ್ಟರಲ್ಲಿ ಮೊದಲ ಫೋಟೋದ ಮೋಡ ಜಾಗ ಬಿಟ್ಟಿರುತ್ತದೆ. ಅಲ್ಲಿನ ಗಾಳಿಯಂತ್ರದ ರೆಕ್ಕೆ ಒಂದು ಫೋಟೋದಲ್ಲಿ ಮೇಲೆ, ಪಕ್ಕದ್ದರಲ್ಲಿ ಕೆಳಗೆ. ಹೊಲಿದರೆ ತುಂಡು ರೆಕ್ಕೆ! ಇಲ್ಲಿ ಮಾಸ್ಕ್ ಕೈ ಹಿಡಿಯಿತು. ರೆಕ್ಕೆ ಪೂರ್ತಿ ಬಂದಿರುವ ಫೋಟೋದಲ್ಲಿ ಅದರ ಸುತ್ತ ಗುರುತು ಹಾಕಿ ‘ಇದನ್ನೇ ಉಳಿಸು’ ಅಂದರೆ ಆಯಿತು. ಮೋಡಕ್ಕೆ ಮಾತ್ರ ಬೇರೆ ದಾರಿ ಇಲ್ಲ, ಬೇಗ ಬೇಗ ತೆಗೆಯಬೇಕು.

ಹೊರಬರುವ ಚಿತ್ರದ ಅಗಲ ಎತ್ತರದ ಎರಡರಷ್ಟು: ಸುತ್ತಲೂ 360 ಡಿಗ್ರಿ, ಮೇಲಿಂದ ಕೆಳಕ್ಕೆ 180. ಅದನ್ನು ಹಾಗೇ ಗೇಮಿಗೆ ಹಾಕಬೇಡಿ. ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ತೆರೆದು, ಆಫ್‌ಸೆಟ್ ಕೊಟ್ಟು ಅರ್ಧ ಅಗಲ ಪಕ್ಕಕ್ಕೆ ಸರಿಸಿ. ಎಡ, ಬಲ ತುದಿಗಳು ನಡುವೆ ಬಂದು ಕೂಡುತ್ತವೆ. ಒಮ್ಮೆ ನನಗೆ ಅಲ್ಲಿ ಕೂದಲೆಳೆಯಷ್ಟು ಬೂದು ಗೆರೆ ಸಿಕ್ಕಿತ್ತು, ಮೋಡವೊಂದನ್ನು ಸೀಳಿದ ಹಾಗೆ. ಆಟದಲ್ಲಿ ಹಿಂದಕ್ಕೆ ತಿರುಗಿದವರ ಕಣ್ಣಿಗೆ ಅದೇ ಮೊದಲು ಬೀಳುವುದು, ಅಲ್ವಾ?

ನೆತ್ತಿಯ ಭಾಗವನ್ನು ಈ ಉದ್ದ ಚಿತ್ರದ ಮೇಲೆ ತಿದ್ದಲು ಹೋಗಬೇಡಿ. ಅಲ್ಲಿ ಒಂದೇ ಬಿಂದು ಇಡೀ ಅಗಲಕ್ಕೆ ಎಳೆದುಕೊಂಡಿರುತ್ತದೆ. ಸುಮ್ನೆ ಬಳಿದರೆ ಗೇಮಿನಲ್ಲಿ ಹಿಂಡಿದ ಬಟ್ಟೆಯ ಹಾಗೆ ಕಾಣುತ್ತದೆ. ಹ್ಯೂಗಿನ್‌ನಲ್ಲೇ 90 ಡಿಗ್ರಿ ಮೇಲಕ್ಕೆ ನೋಡುವ ಚೌಕ ಚಿತ್ರ ತೆಗೆದು, ಅದನ್ನು ತಿದ್ದಿ, ಮತ್ತೆ ಒಳಗೆ ಸೇರಿಸುತ್ತೇನೆ. ಸ್ಕೈಬಾಕ್ಸಿನ (ಗೇಮಿನ ಆಕಾಶವಾಗಿ ಸುತ್ತಲೂ ಕೂರುವ ಆರು ಮುಖದ ಡಬ್ಬಿ) ಉಳಿದ ಐದು ಮುಖಗಳೂ ಇದೇ ರೀತಿ ಸಿಗುತ್ತವೆ.

ಗಾತ್ರದ ಆಸೆ ಬೇಡ. 8192×4096 ಪಿಕ್ಸೆಲ್‌ನ ಚಿತ್ರ ಕಂಪ್ರೆಸ್ ಮಾಡದೆ ಇಟ್ಟರೆ 128 ಎಂಬಿ ಮೆಮೊರಿ ನುಂಗುತ್ತದೆ, 4096×2048 ಆದರೆ 32 ಎಂಬಿ. ಕಡಿಮೆ ಬೆಲೆಯ ಫೋನಿಗೆ ನಾನು ಎರಡನೆಯದನ್ನೇ ಹಾಕುತ್ತೇನೆ. ಈಗ ನನ್ನ ಗೇಮಿನಲ್ಲಿರುವುದು ಮಳೆ ಬಿಟ್ಟ ಒಂದು ಸಂಜೆಯ ಮುಗಿಲು. ಪಡುವಣದಲ್ಲಿ ಕೆಂಪು, ಮೂಡಣದ ಬಂಡೆಗಳ ಮೇಲೆ ಇನ್ನೂ ಕಪ್ಪು ಮೋಡ. ಎಷ್ಟು ಸಲ ಸುತ್ತು ಹೊಡೆದು ನೋಡಿದರೂ ಹೊಲಿಗೆ ಸಿಗುವುದಿಲ್ಲ.