ಕೆಲಸ ಬಿಡದೆ ಕಾರ್ಮಿಕ ಕಾನೂನು: ಡಿಪ್ಲೊಮಾನಾ, ಎಲ್‌ಎಲ್‌ಎಂಆ?

ಕಾರ್ಖಾನೆಯ ಎಚ್‌ಆರ್‌ನಲ್ಲಿದ್ದೀರಿ, ಕೆಲಸ ಬಿಡದೆ ಕಾರ್ಮಿಕ ಕಾನೂನು ಓದಬೇಕು, ಪಿಜಿ ಡಿಪ್ಲೊಮಾನಾ ಎಲ್‌ಎಲ್‌ಎಂಆ ಅಂತ ಕೇಳಿದ್ದೀರಿ. ಮೊದಲು ಅರ್ಹತೆ ನೋಡಿ. ಎಲ್‌ಎಲ್‌ಎಂ ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ, ಅದಕ್ಕೆ ಎಲ್‌ಎಲ್‌ಬಿ (ಕಾನೂನು ಪದವಿ) ಬೇಕೇ ಬೇಕು. ಡಿಪ್ಲೊಮಾಗೆ ಸಾಮಾನ್ಯವಾಗಿ ಯಾವ ಪದವಿಯಾದರೂ ಸಾಕು.

ಖರ್ಚು, ಸಮಯ ಎರಡರಲ್ಲೂ ಡಿಪ್ಲೊಮಾ ಹಗುರ. ಎಲ್‌ಎಲ್‌ಎಂನಲ್ಲಿ ಪ್ರಬಂಧವೂ ಇರುತ್ತೆ, ಭಾನುವಾರಗಳು ಅದಕ್ಕೇ ಹೋಗುತ್ತವೆ.

ದಿನದ ಕೆಲಸಕ್ಕೆ ಯಾವುದು ಉಪಯೋಗ? ಕೇಂದ್ರದ 29 ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಬಂದಿವೆ. ಒಂದು ಸಂಬಳದ ಚೀಟಿ ತೆಗೆದುಕೊಳ್ಳಿ: ಒಟ್ಟು 30,000, ಬೇಸಿಕ್ 10,000, ಉಳಿದದ್ದು ಭತ್ಯೆ. ಭತ್ಯೆ ಒಟ್ಟು ಸಂಬಳದ ಅರ್ಧ ದಾಟಿತಲ್ವಾ, ಹೊಸ ಸಂಹಿತೆಗಳ ಪ್ರಕಾರ ದಾಟಿದ 5,000 ವೇತನಕ್ಕೇ ಸೇರುತ್ತೆ. ಗ್ರಾಚ್ಯುಟಿಯನ್ನು (ಕೆಲಸ ಬಿಡುವಾಗ ಸೇವೆಗೆ ಸಿಗುವ ಹಣ) 15,000ದ ಮೇಲೆ ಲೆಕ್ಕ ಹಾಕಬೇಕು. ಸೇವೆಯ ಒಂದೊಂದು ವರ್ಷಕ್ಕೆ ಸುಮಾರು 5,769 ಇದ್ದದ್ದು 8,654 ಆಗುತ್ತೆ. ಕಾರ್ಮಿಕನಿಗೆ ಇದು ಸಣ್ಣ ಮೊತ್ತ ಅಲ್ಲ. ಇಷ್ಟನ್ನು ಸರಿಯಾಗಿ ಮಾಡೋಕೆ ಒಳ್ಳೆ ಡಿಪ್ಲೊಮಾ ಸಾಕು, ಆದರೆ ಪಠ್ಯ ಹೊಸ ಸಂಹಿತೆಗಳದ್ದೇ ಅಂತ ಕೇಳಿಯೇ ಫೀಸ್ ಕಟ್ಟಿ.

ಪಾಠ ಹೇಳುವ ಆಸೆ ಇದ್ದರೆ, ತೀರ್ಪುಗಳ ಆಳಕ್ಕೆ ಇಳಿಯಬೇಕು ಅನಿಸಿದರೆ ಎಲ್‌ಎಲ್‌ಎಂ. ಕೋರ್ಟಿನಲ್ಲಿ ವಕೀಲಿಕೆ ಮಾಡೋ ಕನಸಿದ್ದರೆ ಡಿಪ್ಲೊಮಾ ಅಲ್ಲಿಗೆ ಒಯ್ಯಲ್ಲ, ಎಲ್‌ಎಲ್‌ಬಿಯಿಂದಲೇ ಶುರು ಮಾಡಿ. ಸೇರುವ ಮುಂಚೆ ಶಿಫ್ಟ್ ಬದಲಾವಣೆ, ಪರೀಕ್ಷೆಯ ರಜೆ ಬಗ್ಗೆ ಮ್ಯಾನೇಜರ್ ಹತ್ರ ಮಾತಾಡಿ ಬರಹದಲ್ಲಿ ಒಪ್ಪಿಗೆ ತಗೊಳ್ಳಿ.