ಊಟ ಹೇಗಿತ್ತು ಅಂತ ದೇವಿಮನೆ ಘಟ್ಟ ಇಳಿದ ಮೇಲೆ ಹೇಳುತ್ತೇನೆ

ನಾನು ಹೋಟೆಲಿಗೆ ಮಾರ್ಕು ಕೊಡುವುದು ಕೈ ತೊಳೆದಾಗ ಅಲ್ಲ, ಎರಡು ಗಂಟೆ ಬಿಟ್ಟು. ಇವತ್ತಿನ ವಿಮರ್ಶೆ ಶಿರಸಿಯ ಒಂದು ಊಟದ ಮನೆಯದ್ದು. ಅಲ್ಲಿ ಊಟ ಮುಗಿಸಿ ಕುಮಟಾ ಬಸ್ ಹತ್ತಿದರೆ ನಡುವೆ ದೇವಿಮನೆ ಘಟ್ಟ. ತಿರುವಿನ ಮೇಲೆ ತಿರುವು, ಎರಡೂ ಬದಿ ಕಾಡು. ಬಸ್ಸಿನಲ್ಲಿ ಸಂಡಾಸು ಇಲ್ಲ. ಹೊಟ್ಟೆ ಸುಮ್ಮನಿದ್ದರೆ ಊಟ ಒಳ್ಳೆಯದು. ಎದ್ದು ಹೋಗಿ "ಅಣ್ಣಾ, ಸ್ವಲ್ಪ ನಿಲ್ಲಿಸ್ತೀರಾ" ಅಂತ ಡ್ರೈವರನ್ನು ಕೇಳುವ ಹಾಗಾದರೆ ಎಷ್ಟೇ ರುಚಿ ಇದ್ದರೂ ಸೊನ್ನೆ. ಹಾಗೆ ಎರಡು ಸಲ ಕೇಳಿದ್ದೇನೆ. ಒಮ್ಮೆ ಆಷಾಢದ ಮಳೆಯಲ್ಲಿ, ಉಂಬಳಗಳ ನಡುವೆ. ಅದರ ವಿವರ ಬೇಡ.

ನನಗಿರುವುದು ಐಬಿಎಸ್, ಇರಿಟೇಬಲ್ ಬವೆಲ್ ಸಿಂಡ್ರೋಮ್. ಹುಣ್ಣಿಲ್ಲ, ಗಡ್ಡೆ ಇಲ್ಲ, ಸ್ಕೋಪಿ ಮಾಡಿದರೆ ಎಲ್ಲ ಸರಿ ಕಾಣುತ್ತದೆ. ಕರುಳಿಗೂ ಮಿದುಳಿಗೂ ನಡುವಿನ ಮಾತುಕತೆ ಮಾತ್ರ ಹದಗೆಟ್ಟಿರುತ್ತದೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗಾಳಿ ನನಗೆ ಹೊಟ್ಟೆ ಹಿಂಡಿದ ಹಾಗೆ ನೋಯುತ್ತದೆ. ಮೊದಲು ನೋಡಿದ ಡಾಕ್ಟರು "ಗ್ಯಾಸು, ಟೆನ್ಶನ್ ಮಾಡ್ಕೋಬೇಡಿ" ಎಂದು ಮೂರು ವರ್ಷ ಒಂದೇ ಮಾತ್ರೆ ಬರೆದರು. ಎರಡನೆಯವರು ಕೂರಿಸಿ ಕೇಳಿದರು: ತೂಕ ಇಳಿದಿದೆಯಾ? ರಕ್ತ ಹೋಗುತ್ತಾ? ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಾ? ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತಾ? ನನ್ನದು ಎಲ್ಲಕ್ಕೂ ಇಲ್ಲ. ಒಂದಕ್ಕಾದರೂ ಹೌದು ಅನ್ನುವವರು ಈ ವಿಮರ್ಶೆ ಬದಿಗಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ.

ಅವರು ಕೊಟ್ಟ ಪಟ್ಟಿಯ ಹೆಸರು ಲೋ ಫಾಡ್‌ಮ್ಯಾಪ್. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಪಥ್ಯ. ಫಾಡ್‌ಮ್ಯಾಪ್ ಅಂದರೆ ಕೆಲವು ಬಗೆಯ ಸಕ್ಕರೆ. ಅದು ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗುವುದಿಲ್ಲ, ದೊಡ್ಡ ಕರುಳಿಗೆ ಇಳಿದು ಅಲ್ಲಿ ಹುಳಿತು ಗಾಳಿ ಎಬ್ಬಿಸುತ್ತದೆ. 2ರಿಂದ 6 ವಾರ ಅವನ್ನು ಬಿಡಬೇಕು. ಆಮೇಲೆ ಒಂದೊಂದಾಗಿ ತಿಂದು ನೋಡಬೇಕು. ಜೀವಮಾನವಿಡೀ ಬಿಡುವುದಲ್ಲ. ಅದನ್ನು ತಿಳಿಯದೆ ನಾನು ಐದು ತಿಂಗಳು ಬರೀ ಗಂಜಿ ಉಪ್ಪಿನಲ್ಲಿ ಕಳೆದೆ.

ಪಟ್ಟಿಯ ಮೇಲ್ಗಡೆಯೇ ನೀರುಳ್ಳಿ, ಬೆಳ್ಳುಳ್ಳಿ. ನಮ್ಮದು ಮೀನಿನ ಮನೆ. ಬಂಗಡೆ ನನಗೆ ಏನೂ ಮಾಡುವುದಿಲ್ಲ, ಮಾಡುವುದು ಅದರ ಮಸಾಲೆ. ಹೋಟೆಲಿನಲ್ಲಿ ಹೇಳಿದರೆ "ನೀರುಳ್ಳಿ ಬದಿಗೆ ತೆಗೆದಿಟ್ಟು ತಿನ್ನಿ" ಅನ್ನುತ್ತಾರೆ. ಅದರಿಂದ ಉಪಯೋಗ ಇಲ್ಲ. ತೊಂದರೆ ಕೊಡುವ ಅಂಶ ನೀರಿನಲ್ಲಿ ಕರಗಿ ಸಾರಿಗೆ ಇಳಿದಿರುತ್ತದೆ. ಎಣ್ಣೆಯಲ್ಲಿ ಅದು ಕರಗುವುದಿಲ್ಲ. ಅದಕ್ಕೇ ಮನೆಯಲ್ಲಿ ಬೆಳ್ಳುಳ್ಳಿ ಎಸಳನ್ನು ಎಣ್ಣೆಯಲ್ಲಿ ಕಾಯಿಸಿ, ಎಸಳು ಎಸೆದು, ಆ ಎಣ್ಣೆಯಲ್ಲಿ ಒಗ್ಗರಣೆ ಹಾಕುತ್ತೇನೆ. ಪರಿಮಳಕ್ಕೆ ಕೊರತೆ ಇಲ್ಲ.

ಈಗ ಆ ಊಟದ ಮನೆ. ಅಡಿಕೆ ವ್ಯಾಪಾರದವರೊಬ್ಬರ ಲೆಕ್ಕ ಬರೆಯಲು ವಾರಕ್ಕೆ ಮೂರು ದಿನ ಶಿರಸಿಗೆ ಬರುತ್ತೇನೆ. ಊಟದ ಮನೆ ಹಳೇ ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರ. ಬೋರ್ಡಿಲ್ಲ. ಒಂದು ಮನೆಯ ಹೊರ ಜಗಲಿ, ಆರು ಮೇಜು, ಬಾಳೆಲೆ, 90 ರೂಪಾಯಿ. ಹವ್ಯಕ ಬ್ರಾಹ್ಮಣರ ಅಡುಗೆ, ಹಾಗಾಗಿ ನೀರುಳ್ಳಿ ಬೆಳ್ಳುಳ್ಳಿ ಒಳಗೇ ಬರುವುದಿಲ್ಲ. ಅವರು ಮಡಿಗೆ ಬಿಟ್ಟದ್ದು, ನಾನು ಹೊಟ್ಟೆಗೆ ಬಿಟ್ಟದ್ದು. ಇಬ್ಬರಿಗೂ ಲೆಕ್ಕ ಸರಿಹೋಯಿತು.

ಮೊದಲ ದಿನ ನಾನು "ಇದಕ್ಕೆ ಏನು ಹಾಕಿದೀರಿ, ಅದಕ್ಕೆ ಏನು" ಅಂತ ಕೇಳುತ್ತಾ ಕೂತಿದ್ದೆ. ಬಡಿಸುವ ಮಾಣಿ ಗೊಂದಲವಾಗಿ ಒಳಗೆ ಹೋದ. ಅಡುಗೆಯ ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಎಂತಾ ತಂಗೀ, ಹೊಟ್ಟೆ ಸಮ ಇಲ್ಯಾ?" ನಾಚಿಕೆಯಾಯಿತು. ಆದರೆ ಇಷ್ಟು ವರ್ಷದಲ್ಲಿ ಹೋಟೆಲಿನಲ್ಲಿ ಇದನ್ನು ಕೇಳಿದ ಮೊದಲ ಮನುಷ್ಯರು ಅವರು. ನಿಂತಲ್ಲೇ ಒಂದೊಂದನ್ನೂ ಹೇಳಿದರು. ಹುಳಿಗೆ ತೊಗರಿಬೇಳೆ, ಪಾಯಸಕ್ಕೆ ಗೇರುಬೀಜ, ಪಲ್ಯಕ್ಕೆ ಬರೀ ಕಾಯಿ. ಇಂಗು ಡಬ್ಬಿಯದ್ದು ಅಂತಲೂ ಹೇಳಿದರು. ಡಬ್ಬಿ ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಆದರೆ ಒಂದು ಚಿಟಿಕೆಗೆ ನನ್ನ ಹೊಟ್ಟೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಇಲ್ಲಿ ಹೋಗಬೇಕಾದ್ದು ತಂಬುಳಿಗೆ. ಸೊಪ್ಪನ್ನೋ ಹೂವನ್ನೋ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಬೆರೆಸುತ್ತಾರೆ. ಒಲೆ ಮೇಲೆ ಇಡುವುದಿಲ್ಲ. ಒಂದು ದಿನ ಒಂದೆಲಗ, ಇನ್ನೊಂದು ದಿನ ದಾಳಿಂಬೆ ಸಿಪ್ಪೆ, ಬೇಸಿಗೆಯಲ್ಲಿ ಕೊಡಸಿಗದ ಹೂವು. ಕೊಡಸಿಗ ಅಂದರೆ ಆಯುರ್ವೇದದ ಕುಟಜ. ಹೊಟ್ಟೆ ಹಾಳಾದರೆ ಕೊಡುವ ಕುಟಜಾರಿಷ್ಟ ಇದೇ ಮರದ ತೊಗಟೆಯದ್ದು. ಹೂವಿನ ತಂಬುಳಿಯಿಂದ ನನ್ನ ಐಬಿಎಸ್ ಗುಣವಾಯಿತು ಅಂತ ನಾನು ಹೇಳುವುದಿಲ್ಲ. ಬಿಸಿ ಅನ್ನಕ್ಕೆ ತಂಪು ತಂಬುಳಿ ಕಲಸಿ ಉಂಡ ದಿನ ಘಟ್ಟದಲ್ಲಿ ನಿದ್ದೆ ಮಾಡಿದ್ದೇನೆ, ಅಷ್ಟೇ. ಹಾಲು ನನಗೆ ಆಗುವುದಿಲ್ಲ. ಮಜ್ಜಿಗೆ ಒಂದು ಸಣ್ಣ ಬಟ್ಟಲಿನಷ್ಟು ನಡೆಯುತ್ತದೆ, ಎರಡನೇ ಬಟ್ಟಲಿಗೆ ಗುಡುಗುಡು ಶುರು.

ದೂರುಗಳೂ ಇವೆ. ಬಡಿಸುವ ಉಪಚಾರ ಜಾಸ್ತಿ. ಕೈ ಅಡ್ಡ ಹಿಡಿದರೂ ಹುಳಿ ಬೀಳುತ್ತದೆ, ತೊಗರಿಬೇಳೆ ನನಗೆ ಎರಡು ಚಮಚದ ಮೇಲೆ ಸೇರುವುದಿಲ್ಲ. ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ತೆಳು ಸಾರು, ಅದ್ಭುತ, ಆದರೆ ಸೂಜಿಮೆಣಸು ಧಾರಾಳ. ಮೇ ತಿಂಗಳಲ್ಲಿ ಎಲ್ಲದರಲ್ಲೂ ಹಲಸು: ಹುಳಿಯೂ ಹಲಸು, ಪಲ್ಯವೂ ಹಲಸು, ಕಡುಬೂ ಹಲಸು. ಹಲಸಿನ ಕಡುಬು ತಿಂದ ದಿನವೇ ನಾನು ಎರಡನೇ ಸಲ ಬಸ್ ನಿಲ್ಲಿಸಿದ್ದು. ತಪ್ಪು ಅವರದ್ದಲ್ಲ, ನನ್ನ ನಾಲಿಗೆಯದ್ದು. ಸಂಡಾಸು ಹಿತ್ತಲಲ್ಲಿದೆ, ಸ್ವಚ್ಛವಾಗಿದೆ. ಚಿಲಕ ಮಾತ್ರ ಒಳಗಿನಿಂದ ಕೂರುವುದಿಲ್ಲ. ನಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ.

ಊಟವೊಂದರಿಂದಲೇ ಎಲ್ಲ ಸರಿಹೋಗಿದೆ ಅಂತಲೂ ತಿಳಿಯಬೇಡಿ. ರಾತ್ರಿ ಒಂದು ಚಮಚ ಇಸಬ್‌ಗೋಲ್, ದೊಡ್ಡ ಲೋಟ ನೀರಿನಲ್ಲಿ. ಮೊದಲ ವಾರ ಗಾಳಿ ಹೆಚ್ಚೇ ಆಯಿತು, ಆಮೇಲೆ ಹೊಂದಿತು. ಪ್ರಯಾಣದ ದಿನ ಊಟಕ್ಕೆ 20 ನಿಮಿಷ ಮೊದಲು ಡಾಕ್ಟರು ಬರೆದ ಮೆಬೆವರಿನ್, ಕರುಳಿನ ಹಿಡಿತ ಸಡಿಲಿಸುವ ಮಾತ್ರೆ. ಪುದೀನ ಎಣ್ಣೆಯ ಕ್ಯಾಪ್ಸೂಲನ್ನೂ ನೋಡಿದೆ. ಕರುಳಿನಲ್ಲಿ ಕರಗಬೇಕಾದದ್ದನ್ನು ಗೊತ್ತಿಲ್ಲದೆ ಅಗಿದುಬಿಟ್ಟು, ಎದೆ ಉರಿದು ಅದನ್ನು ಬಿಟ್ಟೆ.

ಹೋಗುವವರು 12:30ರ ಒಳಗೆ ಹೋಗಿ, ತಂಬುಳಿ ಬೇಗ ಖಾಲಿ. ಭಾನುವಾರ ಇಲ್ಲ. ನೀರುಳ್ಳಿ ಬಜೆ ಕೇಳಬೇಡಿ, ಹೋದ ವಾರ ಒಬ್ಬರು ಕೇಳಿ ಬೈಸಿಕೊಂಡರು.