ಕಲಬುರಗಿ ಬಿಸಿಲಲ್ಲಿ ಶುಂಠಿ ಸೋಡಾ ಕಿಟ್: ಒಂದೂವರೆ ವರ್ಷ ಬಳಸಿದ ಮೇಲೆ

ಶುಂಠಿ, ಸಕ್ಕರೆ ನೀರನ್ನು ಮನೆಯಲ್ಲೇ ಹುದುಗಿಸಿ ಸೋಡಾ ಮಾಡುವ ಈ ಕಿಟ್‌ನಲ್ಲಿ ಜಾಡಿ ಚೆನ್ನಾಗಿದೆ. ಬಾಟಲಿ ಚೆನ್ನಾಗಿಲ್ಲ. ಜೊತೆಗೆ ಕೊಡುವ ಪುಸ್ತಿಕೆಯಂತೂ ನಮ್ಮ ಕಡೆಯ ಬಿಸಿಲು ನೋಡಿದವರು ಬರೆದದ್ದಲ್ಲ. ಎರಡು ಬೇಸಿಗೆ ಕಳೆದ ಮೇಲೆ ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಇಂಥ ಕಿಟ್‌ಗಳ ಬಗ್ಗೆ ಪಾರ್ಸೆಲ್ ಬಂದ ವಾರದಲ್ಲೇ ಬರೆದ ಹೊಗಳಿಕೆ ಬೇಕಾದಷ್ಟು ಸಿಗುತ್ತದೆ, ಆದರೆ ಸಾಮಾನಿನ ನಿಜವಾದ ಗುಣ ಗೊತ್ತಾಗುವುದು ಮೇ ತಿಂಗಳು ದಾಟಿದ ಮೇಲೆ.

ಕಂಪನಿ ಹೆಸರು ಬರೆಯುವುದಿಲ್ಲ. ಇದೇ ಸಾಮಾನು ನಾಲ್ಕೈದು ಹೆಸರಲ್ಲಿ ಆನ್‌ಲೈನ್ ಸಿಗುತ್ತದೆ. ನಾಲ್ಕು ಲೀಟರಿನ ಅಗಲ ಬಾಯಿಯ ಗಾಜಿನ ಜಾಡಿ, ತೂತಿರುವ ಮುಚ್ಚಳ, ಅದಕ್ಕೆ ಸಿಕ್ಕಿಸುವ, ಗ್ಯಾಸ್ ಹೊರಬಿಡುವ ಎಸ್ ಆಕಾರದ ಏರ್‌ಲಾಕ್, ಸಕ್ಕರೆ ಅಳೆಯುವ ಒಂದು ಹೈಡ್ರೋಮೀಟರ್, ತಂತಿ ಮುಚ್ಚಳದ ಆರು ಚೌಕ ಬಾಟಲಿ, ಒಂದು ಆಲಿಕೆ. ನಾನು ಕೊಟ್ಟದ್ದು ಎರಡೂವರೆ ಸಾವಿರದ ಆಸುಪಾಸು.

ಡಬ್ಬದ ಮೇಲೆ ನೊರೆ ತುಂಬಿದ ಬಿಯರ್ ಮಗ್ಗಿನ ಚಿತ್ರ ಇದೆ. ಅದನ್ನು ನೋಡಿ ಕೊಳ್ಳುವವರಿಗೆ ಒಂದು ಮಾತು. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ, ಮನೆಯಲ್ಲಿ ಸುಮ್ನೆ ನಮಗಾಗಿ ಮಾಡಿಕೊಳ್ಳುತ್ತೇವೆ ಅಂದರೂ ಇಲ್ಲ. ಕಾಯ್ದೆ ಬದಿಗಿಟ್ಟು ನೋಡಿದರೂ ಬಿಯರ್ ಈ ಊರಿನ ಸಣ್ಣ ಮನೆಗೆ ಹೊಂದುವ ಕೆಲಸ ಅಲ್ಲ. ಬಿಯರ್ ಹುದುಗಿಸುವ ಮಾಮೂಲಿ ಏಲ್ ಯೀಸ್ಟಿಗೆ 18ರಿಂದ 22 ಡಿಗ್ರಿ ಬೇಕು, ಅದೂ ವಾರಗಟ್ಟಲೆ ಏರುಪೇರಿಲ್ಲದೆ. ಎಸಿ ಇಲ್ಲದ ಮನೆಯಲ್ಲಿ ಏಪ್ರಿಲ್, ಮೇ ತಿಂಗಳು ಇದು ಆಗುವ ಮಾತಲ್ಲ. ನಾನು ಈ ಕಿಟ್ ತಂದದ್ದು ಶುಂಠಿ ಸೋಡಾಕ್ಕಾಗಿ, ಈ ವಿಮರ್ಶೆಯೂ ಅದಕ್ಕೇ.

ನಮ್ಮದು ಎರಡು ಖೋಲಿ, ಒಂದು ಸಣ್ಣ ಅಡುಗೆಮನೆ. ಜಾಡಿ ಇಟ್ಟಿರುವುದು ಅಡುಗೆ ಕಟ್ಟೆಯ ಕೆಳಗೆ, ಶಹಾಬಾದ್ ಫರಶಿಯ ಮೇಲೆ. ಇಡೀ ಮನೆಯಲ್ಲಿ ತಂಪಾಗಿರುವ ಜಾಗ ಅದೊಂದೇ, ಬರಿಗಾಲಲ್ಲಿ ನಿಂತರೆ ಗೊತ್ತಾಗುತ್ತದೆ. ಫ್ರಿಜ್ ಪಕ್ಕ, ಗ್ಯಾಸ್ ಪಕ್ಕ ಮಾತ್ರ ಇಡಬೇಡಿ. ಫ್ರಿಜ್ ಹಿಂಬದಿಯ ಬಿಸಿಗಾಳಿ ಎಷ್ಟಿರುತ್ತದೆ ಅಂತ ನಾವು ಯೋಚಿಸುವುದೇ ಇಲ್ಲ.

ಪುಸ್ತಿಕೆ 21 ಡಿಗ್ರಿಯಲ್ಲಿ ಜಾಡಿಯಲ್ಲಿ ಮೂರು ದಿನ, ಬಾಟಲಿಯಲ್ಲಿ ನಾಲ್ಕು ದಿನ ಇಡಿ ಅನ್ನುತ್ತದೆ. ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೆ 42 ಡಿಗ್ರಿ ಮುಟ್ಟುವುದು ಮಾಮೂಲು, ಒಳಗೆ ಫ್ಯಾನ್ ಹಾಕಿಕೊಂಡೂ 36. ಆ ಶಾಖದಲ್ಲಿ ಬೆಳಗ್ಗೆ ತುಂಬಿದ ಪ್ಲಾಸ್ಟಿಕ್ ಬಾಟಲಿ ರಾತ್ರಿಗೆ ಗ್ಯಾಸ್ ತುಂಬಿ ಗಟ್ಟಿಯಾಗಿರುತ್ತದೆ. ಡಿಸೆಂಬರ್‌ನಲ್ಲಿ ಅದೇ ಬಾಟಲಿಗೆ ಎರಡು ಮೂರು ದಿನ ಬೇಕು. ಬೀದರ್‌ನಲ್ಲಿರುವ ಗೆಳೆಯನೊಬ್ಬ ಇದೇ ಕಿಟ್ ಬಳಸುತ್ತಾನೆ. ಆ ಊರು ಕಲಬುರಗಿಗಿಂತ ಎತ್ತರದಲ್ಲಿದೆ, ರಾತ್ರಿ ತಂಪು, ಅವನ ಲೆಕ್ಕ ನನ್ನ ಲೆಕ್ಕಕ್ಕೆ ಯಾವತ್ತೂ ಹೊಂದುವುದಿಲ್ಲ. ಹಾಗಾಗಿ ದಿನ ಎಣಿಸುವ ಸೂತ್ರ ಇಲ್ಲಿ ಕೆಲಸ ಮಾಡಲ್ಲ. ಬಾಟಲಿ ಒತ್ತಿ ನೋಡಬೇಕು, ರುಚಿ ನೋಡಬೇಕು, ಅಷ್ಟೇ.

ಬೇಸಿಗೆಗೆ ಒಂದು ಉಪಾಯ ಚೆನ್ನಾಗಿ ನಡೆಯುತ್ತದೆ. ಅಗಲವಾದ ಸ್ಟೀಲ್ ಪರಾತದಲ್ಲಿ ಮೂರು ಬೆರಳು ನೀರು ಹಾಕಿ ಅದರಲ್ಲಿ ಜಾಡಿ ಇಡಿ. ಹಳೆಯ ಹತ್ತಿ ಪಂಚೆಯನ್ನು ನೆನೆಸಿ ಜಾಡಿಗೆ ಸುತ್ತಿ, ಅದರ ಅಂಚು ನೀರಲ್ಲಿ ಮುಳುಗಿರಲಿ. ಫ್ಯಾನಿನ ಗಾಳಿ ಸ್ವಲ್ಪ ತಗಲಬೇಕು. ನೀರು ತಾನಾಗಿ ಬಟ್ಟೆಯಲ್ಲಿ ಮೇಲೇರುತ್ತದೆ, ಆರುತ್ತದೆ, ಒಳಗಿನ ಶಾಖ ಏಳೆಂಟು ಡಿಗ್ರಿ ಇಳಿಯುತ್ತದೆ. ಕರೆಂಟ್ ಹೋದರೆ ಅಷ್ಟು ಇಳಿಯುವುದಿಲ್ಲ, ಆದರೂ ಇಲ್ಲದ್ದಕ್ಕಿಂತ ವಾಸಿ. ನಮ್ಮ ಬೇಸಿಗೆ ಒಣ ಬೇಸಿಗೆ, ಅದಕ್ಕೇ ಇಲ್ಲಿ ಕೂಲರ್ ಓಡುತ್ತದೆ, ಅದಕ್ಕೇ ಈ ಬಟ್ಟೆಯೂ ಕೆಲಸ ಮಾಡುತ್ತದೆ. ಮಂಗಳೂರಿನವರು ಮಾಡಿದರೆ ಏನೂ ಪ್ರಯೋಜನ ಇಲ್ಲ. ಆಗಸ್ಟ್‌ನಲ್ಲಿ ನಮ್ಮಲ್ಲೂ ಇಲ್ಲ, ಬಟ್ಟೆ ಬರೀ ಮುಗ್ಗುಲು ವಾಸನೆ ಹೊಡೆಯುತ್ತದೆ, ತೆಗೆದುಬಿಡಿ. ಪರಾತದ ನೀರಿಂದ ಇನ್ನೊಂದು ಲಾಭ, ಇರುವೆ ಹತ್ತುವುದಿಲ್ಲ.

ಅದೇ ಒಣ ಗಾಳಿ ಏರ್‌ಲಾಕಿಗೆ ಶತ್ರು. ಏರ್‌ಲಾಕ್ ಅಂದರೆ ಒಳಗಿನ ಗ್ಯಾಸ್ ಗುಳ್ಳೆಯಾಗಿ ಹೊರಗೆ ಹೋಗಲಿ, ಹೊರಗಿನ ಗಾಳಿ, ನೊಣ ಒಳಗೆ ಬರದಿರಲಿ ಅಂತ ನೀರು ತುಂಬಿಡುವ ನಳಿಗೆ. ಇದರಲ್ಲಿ ಹಿಡಿಯುವುದೇ ಒಂದೆರಡು ಚಮಚ ನೀರು. ಬೇಸಿಗೆಯಲ್ಲಿ ಅದು ಎಷ್ಟು ಬೇಗ ಇಂಗುತ್ತದೆ ಅಂದರೆ, ನೋಡದೆ ಬಿಟ್ಟರೆ ತೂತು ತೆರೆದಂತೆಯೇ. ನೀರಿನ ಜೊತೆ ಅರ್ಧ ಭಾಗ ಗ್ಲಿಸರಿನ್ ಬೆರೆಸಿ ಹಾಕಿ, ಯಾವ ಮೆಡಿಕಲ್ ಶಾಪಲ್ಲಾದರೂ ಸಿಗುತ್ತದೆ, ಆಮೇಲೆ ಈ ತಾಪತ್ರಯ ಇಲ್ಲ.

ಇನ್ನು ಹೈಡ್ರೋಮೀಟರ್. ಕಿಟ್‌ನಲ್ಲಿ ಎಲ್ಲರೂ ಮೂಲೆಗೆ ಹಾಕುವ ಸಾಮಾನು ಇದು, ನನ್ನ ಪ್ರಕಾರ ಅತ್ಯಂತ ಮುಖ್ಯವಾದದ್ದೂ ಇದೇ. ಸಿಹಿ ನೀರಿನಲ್ಲಿ ತೇಲಿಬಿಟ್ಟರೆ ಸಕ್ಕರೆ ಎಷ್ಟಿದೆ ಅಂತ ತೋರಿಸುತ್ತದೆ. ಬರೀ ನೀರಿಗೆ 1.000, ಲೀಟರ್ ನೀರಿಗೆ 80 ಗ್ರಾಂ ಸಕ್ಕರೆ ಹಾಕಿದರೆ ಸುಮಾರು 1.030 ಬರುತ್ತದೆ. ಹುದುಗುತ್ತಾ ಹೋದ ಹಾಗೆ ಸಂಖ್ಯೆ ಇಳಿಯುತ್ತದೆ. 1.030 ಇದ್ದದ್ದು 1.026ಕ್ಕೆ ಬಂದರೆ ಸರಿಸುಮಾರು ಅರ್ಧ ಪರ್ಸೆಂಟ್ ಆಲ್ಕೊಹಾಲ್ ಆಗಿದೆ ಅಂತ ಅರ್ಥ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2018ರ ನಿಯಮದಲ್ಲಿ ಅರ್ಧ ಪರ್ಸೆಂಟ್ ದಾಟಿದ್ದನ್ನು ಆಲ್ಕೊಹಾಲ್ ಪಾನೀಯ ಅಂತಲೇ ಲೆಕ್ಕ ಹಾಕುತ್ತಾರೆ. ಆ ಸಕ್ಕರೆ ಪೂರ್ತಿ ಹುದುಗಿದರೆ 4 ಪರ್ಸೆಂಟ್ ಹತ್ತಿರ ಹೋಗುತ್ತದೆ. ಅಂದರೆ ಶುಂಠಿ ಸೋಡಾ ಅಂತ ಜಾಡಿಯಲ್ಲಿ ವಾರ ಬಿಟ್ಟರೆ ಅದು ಬಿಯರಿನಷ್ಟೇ ಮದ್ಯ. ಪುಸ್ತಿಕೆ ಈ ಬಗ್ಗೆ ಒಂದು ಸಾಲೂ ಬರೆದಿಲ್ಲ, ಬರೆಯಲೇಬೇಕಿತ್ತು.

ಇದರಲ್ಲಿ ಒಂದು ತೊಡಕಿದೆ. ಹೈಡ್ರೋಮೀಟರ್ ಸರಿಯಾಗಿ ತೋರಿಸುವುದು 20 ಡಿಗ್ರಿಯಲ್ಲಿ, ಅದರ ಕಾಗದದ ಪಟ್ಟಿಯ ಮೇಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಬಿಸಿಯಾದರೆ ನೀರು ಹಿಗ್ಗಿ ತೆಳುವಾಗುತ್ತದೆ, ಮೀಟರ್ ಇನ್ನಷ್ಟು ಮುಳುಗುತ್ತದೆ. 38 ಡಿಗ್ರಿಯ ಬರೀ ನಲ್ಲಿ ನೀರಲ್ಲಿ ಬಿಟ್ಟು ನೋಡಿ, 1.000 ತೋರಿಸಬೇಕಾದದ್ದು 0.995 ತೋರಿಸುತ್ತದೆ. 1.030ರಿಂದ 1.026ಕ್ಕೆ ಅಂತ ನಾವು ಹುಡುಕುತ್ತಿರುವ ನಾಲ್ಕು ಅಂಕಕ್ಕಿಂತ ಶಾಖದ ತಪ್ಪೇ ದೊಡ್ಡದು! ಬೆಳಗಿನ ತಂಪಲ್ಲಿ ಒಮ್ಮೆ, ಮಧ್ಯಾಹ್ನದ ಸೆಕೆಯಲ್ಲಿ ಒಮ್ಮೆ ಅಳೆದರೆ ಏನೂ ಹುದುಗದೇ ಇದ್ದರೂ ಹುದುಗಿದೆ ಅನ್ನಿಸುತ್ತದೆ. ಅದಕ್ಕೆ ನಾನು ಲೋಟದಲ್ಲಿ ಸ್ವಲ್ಪ ತೆಗೆದು ಫ್ರಿಜ್‌ನಲ್ಲಿಟ್ಟು, 20 ಡಿಗ್ರಿಗೆ ಇಳಿಸಿ, ಕಲಕಿ ಗುಳ್ಳೆ ಬಿಡಿಸಿ ಅಳೆಯುತ್ತೇನೆ. ಗುಳ್ಳೆ ಅಂಟಿಕೊಂಡರೂ ಮೀಟರ್ ಮೇಲಕ್ಕೆ ತೇಲಿ ತಪ್ಪು ತೋರಿಸುತ್ತದೆ. ಅಡುಗೆಮನೆ ಥರ್ಮಾಮೀಟರ್ ಒಂದು ಬೇಕೇ ಬೇಕು, ಅದನ್ನು ಕಿಟ್‌ನಲ್ಲಿ ಕೊಟ್ಟಿಲ್ಲ.

ಬಾಟಲಿಗಳ ವಿಷಯಕ್ಕೆ ಸ್ಟಾರ್ ಕಡಿಮೆ ಮಾಡಿದ್ದೇನೆ. ನೋಡೋಕೆ ಬಹಳ ಚಂದ, ಚೌಕಾಕಾರ, ದಪ್ಪ ಗಾಜು ಅನ್ನಿಸುತ್ತದೆ. ಆದರೆ ಒತ್ತಡ ತಡೆಯುವ ಬಾಟಲಿ ದುಂಡಗಿರಬೇಕು, ಆಗ ಗ್ಯಾಸಿನ ಭಾರ ಸುತ್ತಲಿನ ಗಾಜಿನ ಮೇಲೆಲ್ಲ ಸಮನಾಗಿ ಹಂಚಿಹೋಗುತ್ತದೆ. ಚೌಕ ಬಾಟಲಿಯಲ್ಲಿ ಭಾರವೆಲ್ಲ ಮೂಲೆಗೆ ಬೀಳುತ್ತದೆ. ಎರಡನೇ ಬೇಸಿಗೆಯಲ್ಲಿ ನನ್ನ ಒಂದು ಬಾಟಲಿ ಸಿಡಿಯಿತು. ಒಂದೇ ಹೊತ್ತಿಗೆ ತುಂಬಿದ ಉಳಿದವಕ್ಕೆ ಏನೂ ಆಗಿರಲಿಲ್ಲ. ಸಿಡಿದ ಬಾಟಲಿಯ ತುಂಡು ನೋಡಿದರೆ ಸೀಳು ತಳದ ಮೂಲೆಯಿಂದಲೇ ಶುರುವಾಗಿತ್ತು, ಆ ಜಾಗದಲ್ಲಿ ಗಾಜು ಉಗುರಿನಷ್ಟೂ ದಪ್ಪ ಇರಲಿಲ್ಲ, ಎದುರು ಮೂಲೆಯಲ್ಲಿ ಮಾತ್ರ ಗಟ್ಟಿಯಾಗಿತ್ತು. ಪ್ಲಾಸ್ಟಿಕ್ ಕ್ರೇಟಿನಲ್ಲಿಟ್ಟು ಮೇಲೆ ಗೋಣಿಚೀಲ ಹೊದಿಸಿರುತ್ತೇನೆ, ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. ಮಕ್ಕಳು ಓಡಾಡುವ ಮನೆಯಲ್ಲಿ ಈ ಕ್ರೇಟ್, ಗೋಣಿಚೀಲ ಇಲ್ಲದೆ ಗಾಜಿನ ಬಾಟಲಿ ಇಡಲೇಬೇಡಿ, ದಯವಿಟ್ಟು.

ಲೆಕ್ಕ ನೋಡಿ. ಲೀಟರಿಗೆ 8ರಿಂದ 10 ಗ್ರಾಂ ಸಕ್ಕರೆ ಹುದುಗಿದರೆ ಸಾಕು, ಬಿಯರಿನಲ್ಲಿರುವಷ್ಟು ಗ್ಯಾಸ್ ಬರುತ್ತದೆ. ಬಾಟಲಿಯೊಳಗೆ ಇರುವುದು ಅದರ ಎಂಟು ಪಟ್ಟು ಸಕ್ಕರೆ. ಮುಚ್ಚಿ ಮರೆತರೆ ಯಾವ ಗಾಜೂ ತಡೆಯುವುದಿಲ್ಲ. ಗೋಲಿ ಸೋಡಾ ಬಾಟಲಿ ಅಷ್ಟು ದಪ್ಪ, ಅಷ್ಟು ದುಂಡಗೆ ಇರುವುದು ಸುಮ್ನೆ ಅಲ್ಲ. ಹೈರಮ್ ಕಾಡ್ ಅನ್ನುವವನು 1872ರಲ್ಲಿ ಪೇಟೆಂಟ್ ತೆಗೆದುಕೊಂಡ ಆ ವಿನ್ಯಾಸ ಇವತ್ತಿಗೂ ನಮ್ಮಲ್ಲಿ ಓಡುತ್ತಿದೆ.

ಈಗ ನಾನು ಬಳಸುವುದು ಖಾಲಿಯಾದ ಕೂಲ್‌ಡ್ರಿಂಕ್ಸ್ ಪ್ಲಾಸ್ಟಿಕ್ ಬಾಟಲಿ. ಗ್ಯಾಸ್ ತಡೆಯಲೆಂದೇ ಮಾಡಿದ್ದು, ದುಡ್ಡೂ ಬೇಡ. ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗದಷ್ಟು ಗಟ್ಟಿಯಾದ ತಕ್ಷಣ ಫ್ರಿಜ್‌ಗೆ. ತಂಪಲ್ಲಿ ಯೀಸ್ಟ್ ಪೂರ್ತಿ ಸಾಯುವುದಿಲ್ಲ, ನಿಧಾನ ಆಗುತ್ತದೆ ಅಷ್ಟೇ, ಅದಕ್ಕೆ ಒಂದು ವಾರದೊಳಗೆ ಕುಡಿದು ಮುಗಿಸಿ. ಕರೆಂಟ್ ಬಹಳ ಹೊತ್ತು ಹೋದರೆ ಮುಚ್ಚಳ ಸ್ವಲ್ಪ ತಿರುಗಿಸಿ ಗ್ಯಾಸ್ ಬಿಡಿ. ಪ್ಲಾಸ್ಟಿಕ್ ಬೇಡ ಅನ್ನುವವರು ಒತ್ತಡಕ್ಕಾಗಿಯೇ ಮಾಡಿದ ದುಂಡು ಗಾಜಿನ ಬಾಟಲಿ ಬೇರೆ ತರಿಸಿಕೊಳ್ಳಿ, ಅದರ ಜೊತೆ ಒಂದು ಪ್ಲಾಸ್ಟಿಕ್ ಬಾಟಲಿಯನ್ನೂ ತುಂಬಿಡಿ. ಗಾಜು ಒತ್ತಿ ನೋಡೋಕೆ ಆಗಲ್ಲ ಅಲ್ವಾ, ಅದರೊಳಗೆ ಏನಾಗಿದೆ ಅಂತ ಈ ಪ್ಲಾಸ್ಟಿಕ್ ಹೇಳುತ್ತದೆ.

ಮಾಡುವ ಬಗೆ ಸರಳ. ಕಿಟ್‌ನಲ್ಲಿ ಯೀಸ್ಟ್ ಪ್ಯಾಕೆಟ್ ಇತ್ತು, ನಾನು ಅದನ್ನು ಬಿಟ್ಟು ಶುಂಠಿಯ ಸಿಪ್ಪೆಯಲ್ಲೇ ಇರುವ ಯೀಸ್ಟ್ ಎಬ್ಬಿಸುತ್ತೇನೆ. ಸಣ್ಣ ಬರಣಿಯಲ್ಲಿ ಒಂದು ಲೋಟ ನೀರು, ಸಿಪ್ಪೆ ಸಮೇತ ತುರಿದ ಶುಂಠಿ ಒಂದು ಚಮಚ, ಸಕ್ಕರೆ ಒಂದು ಚಮಚ. ದಿನಾ ಅಷ್ಟಷ್ಟೇ ಶುಂಠಿ, ಸಕ್ಕರೆ ಸೇರಿಸಿ ಕಲಕಬೇಕು. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಕಿವಿಯಿಟ್ಟರೆ ಕೇಳುವಷ್ಟು ಸುಂಯ್ ಅನ್ನುತ್ತದೆ, ಚಳಿಗಾಲದಲ್ಲಿ ವಾರ ಬೇಕು. ಕಣ್ಣಿ ಮಾರ್ಕೆಟ್‌ನಲ್ಲಿ ಮಣ್ಣು ಅಂಟಿಕೊಂಡಿರುವ ಶುಂಠಿಯನ್ನೇ ಆರಿಸಿ, ಹುಮನಾಬಾದ್ ಕಡೆಯದು ಸಿಕ್ಕರೆ ಇನ್ನೂ ಒಳ್ಳೆಯದು, ನಾರು ಜಾಸ್ತಿ ಆದರೂ ಖಾರ ಚೆನ್ನಾಗಿದೆ. ಬೆಳ್ಳಗೆ ತೊಳೆದು ಪ್ಯಾಕ್ ಮಾಡಿದ ಶುಂಠಿ ಏಳುವುದು ನಿಧಾನ. ಆಮೇಲೆ ಶುಂಠಿ, ಸಕ್ಕರೆ ಕುದಿಸಿ, ಪೂರ್ತಿ ಆರಿಸಿ, ವಿಜಯಪುರದ ಇಂಡಿ ಕಡೆಯ ನಿಂಬೆ ಹಿಂಡಿ, ಬರಣಿಯ ನೀರನ್ನು ಲೀಟರಿಗೆ ಅರ್ಧ ಲೋಟದಂತೆ ಬೆರೆಸಿ ಜಾಡಿಗೆ. ಮೊದಲ ಗುಳ್ಳೆ ಕಂಡ ಕೂಡಲೇ ಬಾಟಲಿಗೆ. ಬೆಲ್ಲ ಹಾಕಿದರೆ ರುಚಿ ಗಾಢ, ಆದರೆ ಹುದುಗು ಜೋರು, ಬೇಸಿಗೆಯಲ್ಲಿ ನಾನು ಸಕ್ಕರೆಯನ್ನೇ ಬಳಸುತ್ತೇನೆ. ನಲ್ಲಿ ನೀರಿನ ಕ್ಲೋರಿನ್ ಕುದಿಸಿದರೆ ಹೋಗುತ್ತದೆ. ಬೋರ್ ನೀರಾದರೆ ಜಾಡಿಯಲ್ಲಿ ಬಿಳಿ ಪೊರೆ ಕಟ್ಟುತ್ತದೆ, ನಮ್ಮದು ಸುಣ್ಣಕಲ್ಲಿನ ಸೀಮೆ ಅಲ್ವಾ, ವಿನೆಗರ್ ಹಾಕಿ ಅರ್ಧ ಗಂಟೆ ಬಿಟ್ಟರೆ ಬಿಡುತ್ತದೆ. ಇದೇ ಜಾಡಿಯಲ್ಲಿ ಜೋಳದ ಅಂಬಲಿ ಹುಳಿಯಿಟ್ಟೂ ನೋಡಿದೆ, ಅದಕ್ಕೆ ಮಣ್ಣಿನ ಗಡಿಗೆಯೇ ಚೆಂದ.

ಮನೆಗೆ ಬರುವವರಲ್ಲಿ ಮದ್ಯದ ಹನಿಯನ್ನೂ ಮುಟ್ಟದವರು ಬಹಳ ಜನ. ಲೋಟ ಕೈಗೆ ಕೊಡುವ ಮೊದಲೇ ಹೇಳುತ್ತೇನೆ, ಇದು ಹುದುಗಿಸಿದ್ದು, ತುಸು ಆಲ್ಕೊಹಾಲ್ ಇರುತ್ತದೆ ಅಂತ. ಬೇಡ ಅಂದವರಿಗೆ ನಿಂಬೆ ಶರಬತ್ತು. ಸಣ್ಣ ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡುವುದಿಲ್ಲ. ಕೇಳದೆ ಕುಡಿಸುವುದು ಸರಿಯಲ್ಲ, ಎಷ್ಟೇ ಕಡಿಮೆ ಇದ್ದರೂ.

ಜಾಡಿಗೆ ಒಂದೂವರೆ ವರ್ಷದಲ್ಲಿ ಒಂದು ಗೀರೂ ಬಿದ್ದಿಲ್ಲ. ಹೋದದ್ದು ಮುಚ್ಚಳದ ಸಿಲಿಕಾನ್ ರಿಂಗ್. ವರ್ಷ ತುಂಬುವ ಹೊತ್ತಿಗೆ ಗಡಸಾಯಿತು, ಗ್ಯಾಸ್ ಏರ್‌ಲಾಕ್ ಬಿಟ್ಟು ಪಕ್ಕದಿಂದ ಹೋಗತೊಡಗಿತು, ಗುಳ್ಳೆ ಬರುತ್ತಿಲ್ಲ ಅಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಕುಕ್ಕರ್ ರಿಂಗ್ ಯಾವುದೂ ಈ ಅಳತೆಗೆ ಬರಲ್ಲ, ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯಲ್ಲಿ ಅಂಗಡಿ ಅಂಗಡಿ ಕೇಳಿದ್ದೇನೆ. ಮಾರಿದವರಿಗೆ ಬರೆದರೆ ಒಂದೂವರೆ ತಿಂಗಳ ಮೇಲೆ ಬಂತು, ಅಷ್ಟರಲ್ಲಿ ಬೇಸಿಗೆಯೇ ಮುಗಿದಿತ್ತು. ಕಿಟ್ ಆರ್ಡರ್ ಮಾಡುವಾಗಲೇ ಎರಡು ರಿಂಗ್ ಜಾಸ್ತಿ ಹಾಕಿಸಿಕೊಳ್ಳಿ. ಬಾಟಲಿ ಇಲ್ಲದೆ ಬರೀ ಜಾಡಿ, ಏರ್‌ಲಾಕ್, ಹೈಡ್ರೋಮೀಟರ್ ಬಿಡಿಯಾಗಿ ಕೊಡುವವರಿದ್ದರೆ ಅವರ ಹತ್ತಿರವೇ ತೆಗೆದುಕೊಳ್ಳಿ.